ಮಾಳಿಗೆಯ ಮಣ್ಣು ಮತ್ತು ಬೇಸ್ ಬಾಕ್ಸು

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ತಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಮೂಲೆಯಲ್ಲಿ ಶೇಂಗಾ ಹಿಂಡಿ. ಪಕ್ಕದ ರಸ್ತೆಯಲ್ಲಿ ಮದುವೆಯ ಮೆರವಣಿಗೆ ಹೊರಟಿತ್ತು. ಹಾಡು ಯಾವುದೆಂದು ತಿಳಿಯುವ ಮೊದಲೇ ಅದರ ಗುದ್ದು ಬಂದು ಕಿಟಕಿಯ ಗಾಜನ್ನು ನಡುಗಿಸಿತು. ನನ್ನ ಎಡಗೈ ತಾನಾಗಿಯೇ ಎದ್ದು ತಟ್ಟೆಯ ಮೇಲೆ ಅಡ್ಡ ನಿಂತಿತು.

ಎದುರು ಕೂತ ಹೆಂಡತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅದ್ಯಾಕ ಮುಚ್ಚಿಗೊಂಡ್ರಿ? ನಾನೇನು ಕಸಗೊಂಡು ತಿಂತೀನೇನು?"

ನಮ್ಮದು ರಾಯಚೂರಿನ ಸಿಮೆಂಟಿನ ಮನೆ. ಬೇಸಿಗೆಯಲ್ಲಿ ರೊಟ್ಟಿಯ ಹಂಚಿನಂತೆ ಕಾಯುತ್ತದೆ ಎನ್ನುವುದು ಬಿಟ್ಟರೆ ಅದರ ಸ್ಲ್ಯಾಬಿನ ಮೇಲೆ ನನ್ನ ದೂರು ಏನೂ ಇಲ್ಲ. ಈತನಕ ಅದರಿಂದ ಒಂದು ಕಾಳು ಮರಳೂ ತಟ್ಟೆಗೆ ಬಿದ್ದಿಲ್ಲ. ಆದರೆ ಕೈಗೆ ಇದನ್ನೆಲ್ಲ ಯಾರು ಹೇಳಬೇಕು? ಅದು ದೇವದುರ್ಗದಲ್ಲಿ ಕಲಿತ ಪಾಠವನ್ನು ಇಲ್ಲಿ ಒಪ್ಪಿಸುತ್ತಿತ್ತು.

ದೇವದುರ್ಗದಲ್ಲಿ ನನ್ನ ಸೋದರತ್ತೆ ಈರಮ್ಮನ ಮನೆ ಇತ್ತು. ಮಣ್ಣಿನ ಮಾಳಿಗೆಯ ಮನೆ. ನೀವು ಅಂಥ ಮನೆಯಲ್ಲಿ ಉಂಡವರಾದರೆ ನಾನು ವಿವರಿಸಬೇಕಿಲ್ಲ. ಉಣ್ಣದವರಿಗೆ ಹೇಳುತ್ತೇನೆ: ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಮೊಳ ದಪ್ಪದ ಮಣ್ಣು. ಮಳೆಗಾಲ ಬರುವ ಮುಂಚೆ ಪ್ರತಿವರ್ಷ ಹೊಸ ಮಣ್ಣು ಹಾಕಿ ತುಳಿಯಬೇಕು. ಈ ಕೆಲಸವನ್ನು ಮಾವ ಆಳುಗಳಿಗೆ ಬಿಡುತ್ತಿರಲಿಲ್ಲ. ಧೋತರ ಮೇಲಕ್ಕೆ ಕಟ್ಟಿ ತಾನೇ ಹತ್ತಿ ತುಳಿಯುತ್ತಿದ್ದ. ಹೊರಗೆ ಬಿಸಿಲು ತಲೆ ಒಡೆಯುವಾಗಲೂ ಒಳಗೆ ತಣ್ಣಗಿರುತ್ತಿತ್ತು. ಆ ತಂಪಿಗೆ ನಾವು ತೆರುತ್ತಿದ್ದ ಕಂದಾಯವೆಂದರೆ ಮೇಲಿಂದ ಆಗಾಗ ಉದುರುವ ಒಂದು ಚಿಟಿಕೆ ಮಣ್ಣು. ಇಲಿ ಓಡಿದರೆ ಉದುರುತ್ತಿತ್ತು, ಲಾರಿ ಹಾದರೆ ಉದುರುತ್ತಿತ್ತು, ಒಮ್ಮೊಮ್ಮೆ ಕಾರಣವಿಲ್ಲದೆಯೂ ಉದುರುತ್ತಿತ್ತು.

ಮಾವ ತೀರಿಕೊಂಡ ಮೇಲೆ ಆ ಚಿಟಿಕೆ ಮಣ್ಣಿಗೆ ಅತ್ತೆ ಒಂದು ಹೆಸರು ಕೊಟ್ಟಳು. ಅನ್ನದ ಮೇಲೆ ಬಿದ್ದದ್ದನ್ನು ಬೆರಳಿನಿಂದ ಎತ್ತಿ ಬದಿಗಿಡುತ್ತ, "ನಿಮ್ಮ ಮಾವ ಬಂದ್ರು ನೋಡು, ಉಣ್ಣಾಕ," ಅನ್ನುತ್ತಿದ್ದಳು. ಅಳುತ್ತ ಅಲ್ಲ, ನಗುತ್ತ. ಬಾಗಿಲು ತಟ್ಟದೆ ಬರುವ ನೆಂಟನ ಬಗ್ಗೆ ಆಡಿಕೊಂಡಂತೆ. ನಾನು ಮಾತ್ರ ಹಲ್ಲಿಗೆ ಹರಳು ಸಿಕ್ಕೀತೆಂದು ಹೆದರಿ ಎಡಗೈ ಅಡ್ಡ ಹಿಡಿದೇ ಉಣ್ಣುತ್ತಿದ್ದೆ.

ಅವಳ ಮಗ ಬಸವರಾಜ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವನು. ಮನೆಯ ಪಡಸಾಲೆಯೇ ಅವನ ಅಂಗಡಿ. ಮದುವೆ ಗೊತ್ತಾದವರು ಅಲ್ಲಿಗೆ ಬರುತ್ತಿದ್ದರು, ಸೆಟ್ಟು ಹಚ್ಚಿಸಿ ಕೇಳುತ್ತಿದ್ದರು, ಒಪ್ಪಿಗೆಯಾದರೆ ಮುಂಗಡ ಕೊಡುತ್ತಿದ್ದರು. ಮಾನ್ವಿ ಕಡೆಯವರೆಲ್ಲ ದೊಡ್ಡ ಬೇಸ್ ಬಾಕ್ಸು ಇಟ್ಟಿದ್ದಾರೆಂದು ಇವನೂ ಒಂದು ತಂದ, ಜೊತೆಗೆ ಹೊಸ ಆಂಪ್ಲಿಫೈಯರ್. ಮೊದಲ ದಿನ ಹಾಡು ಹಚ್ಚಿದಾಗ ಬಿದ್ದದ್ದು ಚಿಟಿಕೆಯಲ್ಲ, ಬೊಗಸೆ. ಬೇಳೆ ಸಾರಿನ ಬೋಗುಣಿಯೇ ಕೆಂಪಾಯಿತು.

"ಒಬ್ಬರೇ ಬರ್ತಿದ್ರು ನಿಮ್ಮ ಮಾವ," ಅತ್ತೆ ನನಗೆ ಫೋನಿನಲ್ಲಿ ಹೇಳಿದಳು, "ಈಗ ಬೀಗರನ್ನೆಲ್ಲ ಕರಕೊಂಡು ಬರಾಕತ್ಯಾರ."

ನಗೆಯ ಮಾತು ಅಲ್ಲಿಗೆ ಮುಗಿಯಿತು. ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸೋಣ ಅಂದ ಮಗ. ನಿಮ್ಮಪ್ಪ ತುಳಿದ ಮಾಳಿಗೆ ನಾನಿರುವ ತನಕ ಇರುತ್ತದೆ, ಹೊರಗೆ ಹೋಗಬೇಕಾದ್ದು ನಿನ್ನ ಡಬ್ಬಿ ಅಂದಳು ತಾಯಿ. ಬಾಕ್ಸು ಹೊರಗಿಟ್ಟರೆ ಗಿರಾಕಿಗೆ ಏನು ಕೇಳಿಸಲಿ ಎಂದು ಅವನು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟರು. "ಅವನಿಗೆ ಹೇಳು," "ಅವ್ವಗ ಹೇಳ್ರಿ ಮಾಸ್ತರ" ಎಂದು ಇಬ್ಬರ ಮಾತೂ ರಾಯಚೂರಿಗೆ ಬಂದು ನನ್ನ ಮೂಲಕ ದೇವದುರ್ಗಕ್ಕೆ ಮರಳುತ್ತಿತ್ತು. ಒಂದು ಪಡಸಾಲೆ ದಾಟಲು ಆ ಮಾತುಗಳು ಅಷ್ಟು ದೂರ ಸುತ್ತುತ್ತಿದ್ದವು.

ನಾನು ವಿಜ್ಞಾನದ ಮಾಸ್ತರ. ಶಬ್ದದ ಪಾಠವನ್ನು ಕಪ್ಪುಹಲಗೆಯ ಮೇಲೆ ಅಲೆ ಬರೆದು ಎಷ್ಟೋ ವರ್ಷ ಮಾಡಿದ್ದೇನೆ, ಆಂಪ್ಲಿಫೈಯರ್ ಒಳಗೆ ಮಾತ್ರ ಒಮ್ಮೆಯೂ ಇಣುಕಿರಲಿಲ್ಲ. ಆದರೂ ಸಲಹೆ ಕೊಡುವ ಚಟ ಬಿಡಬೇಕಲ್ಲ. ಕ್ರಾಸ್‌ಓವರ್ ಎಂಬ ಪುಟ್ಟ ಕಾರ್ಡು ಹಾಕಿಸು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದೆ. ಬಸವರಾಜ ತರಿಸಿಯೇ ಬಿಟ್ಟ. ಅದರ ಕಾಗದ ಇಂಗ್ಲಿಷಿನಲ್ಲಿದೆ, ಓದಲು ನೀವೇ ಬರ್ರಿ ಎಂದ. ಭಾನುವಾರ ಬಸ್ಸು ಹತ್ತಿದೆ.

ಪಡಸಾಲೆಯ ಹೊರಸಿನ ಮೇಲೆ ಆಂಪ್ಲಿಫೈಯರನ್ನು ಮಲಗಿಸಿದೆವು. ವೈರು ಕಿತ್ತು ಸ್ವಲ್ಪ ಹೊತ್ತು ಕಾಯಬೇಕು, ಒಳಗೆ ಕರೆಂಟು ಉಳಿದಿರುತ್ತದೆ ಎಂದು ಕಾಗದ ಹೇಳಿತ್ತು. ನಾನು ಬೇಕಾದ್ದಕ್ಕಿಂತ ಹೆಚ್ಚೇ ಕಾಯಿಸಿದೆ. ಮೇಲಿನ ತಗಡು ಬಿಚ್ಚಿ, ಖಾಲಿ ಇದ್ದ ಜಾಗದಲ್ಲಿ ಕಾರ್ಡನ್ನು ಕೂರಿಸಿ ಟಕ್ ಅನ್ನುವ ತನಕ ಒತ್ತಿದೆವು. ಅದರ ಕೆಲಸ ಇಷ್ಟೇ: ಅದರ ಮೇಲಿನ ತಿರುಗಣಿ ಯಾವ ಅಂಕಿಗೆ ನಿಂತಿದೆಯೋ ಅದರ ಕೆಳಗಿನ ದಪ್ಪ ದನಿ ಬೇಸ್ ಬಾಕ್ಸಿಗೆ, ಮೇಲಿನ ಸಣ್ಣ ದನಿ ಉಳಿದ ಬಾಕ್ಸುಗಳಿಗೆ. ಪಕ್ಕದಲ್ಲೊಂದು ಚಿಕ್ಕ ಸ್ವಿಚ್ಚು. ಅದನ್ನು ಒತ್ತಿದರೆ ತೀರ ಆಳದ ದನಿಯನ್ನು ಅದು ಯಾರಿಗೂ ಕೊಡುವುದಿಲ್ಲ. ನಾನು ಇದನ್ನು ಕೈಯಾಡಿಸಿ ವಿವರಿಸುತ್ತಿದ್ದಾಗ ಅತ್ತೆ ಒಳಗಿನಿಂದ, "ಜರಡಿ ಅನ್ನು. ಅದಕ್ಯಾಕ ಇಷ್ಟು ಪಾಠ?" ಅಂದಳು.

ಹಾಡು ಹಚ್ಚಿದೆವು. ಆಳೆತ್ತರದ ಬೇಸ್ ಬಾಕ್ಸಿನಿಂದ ಸೊಳ್ಳೆಯ ರಾಗ ಹೊರಟಿತು. ನಾನು ಹೇಳಿದಂತೆಯೇ ಬಸವರಾಜ ವೈರು ಜೋಡಿಸಿದ್ದ, ಅಂದರೆ ತಿರುಗಾಮುರುಗಾ ಜೋಡಿಸಿದ್ದ. "ಆನಿ ಬಾಯಾಗ ಇಲಿ ದನಿ ಹಾಕೀರಲ್ಲೋ," ಎಂದು ಅತ್ತೆ ಮೊದಲ ಸಲ ಹೊರಗೆ ಬಂದಳು. ಬರುವಾಗ ಮೊರದಲ್ಲಿ ಜೋಳ ತಂದಿದ್ದಳು. ತೊಲೆಯ ಕೆಳಗೆ ಸರಿಯಾಗಿ ಕೂತು ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಿಂದ ಮುಂದೆ ನಮ್ಮ ಮೀಟರು ಅದೇ ಆಯಿತು.

ವೈರು ಸರಿ ಮಾಡಿ, ಬಸವರಾಜ ತಿರುಗಣಿಯನ್ನು ನೂರಿಪ್ಪತ್ತಕ್ಕೆ ತಂದ. "ಬಿತ್ತು," ಅಂದಳು ಅತ್ತೆ. ಎಂಬತ್ತಕ್ಕೆ ತಂದ. "ಬಿತ್ತು. ಈಗ ಜರಾ ಕಡಿಮಿ." ಆಳದ ದನಿ ಕತ್ತರಿಸುವ ಸ್ವಿಚ್ಚು ಒತ್ತಿದ. ಅವಳು ಜೋಳದ ಮೇಲೆ ಬಿದ್ದ ಒಂದೇ ಒಂದು ಹರಳನ್ನು ಬೆರಳಿನಿಂದ ಎತ್ತಿ ತೋರಿಸಿದಳು. ಬೇಸಿನ ವಾಲ್ಯೂಮನ್ನೂ ಅವನು ಸ್ವಲ್ಪ ಇಳಿಸಿದ. "ಇಲ್ಲ. ಬೀಳವಲ್ತು."

ನನಗೆ ಎಷ್ಟು ಹಿಗ್ಗಾಯಿತೆಂದರೆ, ಪಾಠ ಮಾಡಿದ ಅಷ್ಟೂ ವರ್ಷ ಅಂದು ಸಾರ್ಥಕವೆನಿಸಿತು. ಮಾಳಿಗೆ ಉಳಿಯಿತು, ಅಂಗಡಿಯೂ ಉಳಿಯಿತು. ತಾಯಿ ಮಗ ನೇರವಾಗಿ ಮಾತಾಡಿದ್ದೂ ಆಯಿತು, ಅದು "ಬಿತ್ತು", "ಬೀಳವಲ್ತು" ಅಷ್ಟೇ ಇದ್ದರೂ.

ಚಹಾ ಕುಡಿಯುತ್ತಿದ್ದಾಗ ಕಲ್ಲೂರಿನಿಂದ ಒಬ್ಬ ಗಿರಾಕಿ ಬಂದರು. ಮಗಳ ಮದುವೆ. ಬಸವರಾಜ ಉಮೇದಿನಿಂದ ಹಾಡು ಹಚ್ಚಿದ. ಅವರು ತಲೆಯಾಡಿಸುತ್ತ ಕೇಳಿದರು, ಆಮೇಲೆ ಬಾಕ್ಸಿನ ಮುಂದೆ ಅಂಗೈ ಹಿಡಿದು ನೋಡಿದರು. "ಹಾಡು ಚಂದ ಕೇಳ್ತದ್ರೀ. ಆದ್ರ ಎದಿಗಿ ಬಡಿಯಂಗಿಲ್ಲಲ್ಲ?" ಅಂದರು. "ಮನ್ಯಾಗ ಕೇಳಿ ಹೇಳ್ತೀನಿ" ಎಂದು ಎದ್ದರು. ಹಾಗೆ ಹೇಳಿ ಹೋದವರು ತಿರುಗಿ ಬರುವುದಿಲ್ಲವೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಬಸವರಾಜ ಒಂದು ಬಟ್ಟೆ ತೆಗೆದುಕೊಂಡು, ತಲೆ ತಗ್ಗಿಸಿ, ಧೂಳೇ ಇಲ್ಲದ ಬಾಕ್ಸನ್ನು ಒರೆಸತೊಡಗಿದ. ಅತ್ತೆ ಮೊರ ಹಿಡಿದು ಅಲ್ಲೇ ಕೂತಿದ್ದಳು. ಅವನು ಒರೆಸುವುದನ್ನೇ ನೋಡುತ್ತಿದ್ದಳು.

"ಅದನ್ನ ಮೊದಲಿನಂಗ ಮಾಡು," ಅಂದಳು.

"ಮಣ್ಣು ಬೀಳ್ತದ ಬೇ."

"ಬೀಳಲಿ, ಮಾಡು."

ಅವನು ಸ್ವಿಚ್ಚು ತೆಗೆದು ವಾಲ್ಯೂಮು ಏರಿಸಿದ. ಮೊದಲ ಗುದ್ದಿಗೇ ಮಣ್ಣು ಉದುರಿತು, ಜೋಳದ ಮೇಲೆ, ಅವಳ ಬಿಳಿ ಕೂದಲ ಮೇಲೆ, ಹೆಗಲ ಮೇಲೆ. ಅವಳು ಕೊಡವಿಕೊಳ್ಳಲಿಲ್ಲ. ಹಾಡು ಮುಗಿಯುವ ತನಕ ಕೂತು ಕೇಳಿದಳು. ಮುಗಿದ ಮೇಲೆ ಮೊರವನ್ನು ಕೆಳಗಿಟ್ಟಳು.

"ಹೌದು, ಎದಿಗಿ ಬಡೀತದ. ಮಾಳಿಗಿ ತಗಸು."

ಅವನು ಗಾಬರಿಯಾಗಿ ನನ್ನನ್ನು ನೋಡಿದ. "ಅಪ್ಪ ತುಳಿದದ್ದು ಅಂತಿದ್ದಿ..."

"ಅವರು ತುಳಿದದ್ದು ಮನಿ ಮಂದಿ ನೆಳ್ಳಾಗ ಇರ್ಲಿ ಅಂತ. ನೀ ಹಿಂಗ ತಲಿ ಕೆಳಗ ಹಾಕಿ ಕುಂದರ್ಲಿ ಅಂತಲ್ಲ."

ಎರಡು ದನಿಗಳನ್ನು ಬೇರೆ ಮಾಡುವ ಕಾರ್ಡಿನ ಕಾಗದ ನನ್ನ ಕೈಯಲ್ಲಿತ್ತು, ಈ ಮಾತಿಗೆ ಏನು ಮಾಡಬೇಕೆಂದು ಅದರಲ್ಲಿ ಇರಲಿಲ್ಲ. ನನಗೆ ಅಳು ಬಂತು. ಚಹಾದ ಕಪ್ಪು ಇಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಎಲ್ಲಿಗೆ ಎಂದು ಅತ್ತೆ ಕೇಳಲಿಲ್ಲ. ಸ್ಲ್ಯಾಬ್ ಹಾಕಿದ್ದಾಯಿತು, ಸುಣ್ಣ ಆಯಿತು. ನಾನು ಮೊದಲ ಸಲ ಆ ಹೊಸ ಮನೆಯಲ್ಲಿ ಉಣ್ಣಲು ಕೂತಾಗ ಪಡಸಾಲೆಯಲ್ಲಿ ಬೇಸ್ ಬಾಕ್ಸು ಗುದ್ದುತ್ತಿತ್ತು. ನನ್ನ ಎಡಗೈ ತಟ್ಟೆಯ ಮೇಲಿತ್ತು. ಅತ್ತೆ ಯಾವತ್ತಿನಂತೆ ಕೈ ಅಡ್ಡ ಹಿಡಿಯದೆ, ಅನ್ನದ ಮೇಲೊಮ್ಮೆ ಬೆರಳಾಡಿಸಿ ಹುಡುಕಿದಳು. ಬಾಗಿಲಲ್ಲಿ ನಿಂತಿದ್ದ ಬಸವರಾಜ ಅದನ್ನು ಕಂಡು ಹೋಗಿ ಹಾಡು ನಿಲ್ಲಿಸಿದ.

"ಯಾಕ ಬಂದ್ ಮಾಡ್ದಿ?" ಅಂದಳು. "ಈಗ ಏನೂ ಬೀಳಂಗಿಲ್ಲಲ್ಲ."

ಆಮೇಲೆ ಅವಳು ಇರುವ ತನಕ, ಅವಳ ಊಟದ ಹೊತ್ತಿಗೆ ಆ ಬಾಕ್ಸು ಸುಮ್ಮನಿರುತ್ತಿತ್ತು. ಗಿರಾಕಿ ಬಂದರೂ ಕೂಡಿಸಿ ಚಹಾ ಕೊಟ್ಟು ಕಾಯಿಸುತ್ತಿದ್ದ.

ಅತ್ತೆ ಈಗಿಲ್ಲ. ಬಸವರಾಜನ ವ್ಯಾಪಾರ ಚೆನ್ನಾಗಿ ನಡೆದಿದೆ.

ಇಷ್ಟನ್ನು ಹೆಂಡತಿಗೆ ಹೇಳುವಷ್ಟರಲ್ಲಿ ರೊಟ್ಟಿ ಆರಿತ್ತು. ಮೆರವಣಿಗೆ ನಮ್ಮ ರಸ್ತೆಗೇ ತಿರುಗಿತು. ಗುದ್ದು ಬಾಗಿಲಿಗೆ ಬಂತು, ಕಪಾಟಿನಲ್ಲಿ ಲೋಟಗಳು ಗಲಗಲ ಅಂದವು. ಕೈ ಮತ್ತೆ ಎದ್ದಿತು. ಈ ಸಲ ನಾನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತಟ್ಟೆಯನ್ನು ತೆರೆದೇ ಬಿಟ್ಟೆ. ಹೆಂಡತಿಯೂ ತಿನ್ನುವುದನ್ನು ನಿಲ್ಲಿಸಿ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಮೆರವಣಿಗೆ ನಿಧಾನವಾಗಿ ದಾಟಿ ಹೋಯಿತು.

ಉಣ್ಣಲು ಯಾರೂ ಬರಲಿಲ್ಲ.