ಇಬ್ಬರು ಗಾಶ್ಪಾರ್ನೇಯರ ಮಂಡಿ

ಪಿರೊಷ್ಕಾ ಮೂವತ್ತೊಂದು ವರ್ಷ ಜನರ ಮಂಡಿಗೆ ಬಿಸಿ ಕೆಸರು ಮೆತ್ತಿದವಳು. ಹಂಗೆರಿಯ ಆ ಸಣ್ಣ ಪಟ್ಟಣದಲ್ಲಿ ನೆಲದೊಳಗಿಂದ ಬಿಸಿನೀರು ಉಕ್ಕುವ ಒಂದು ಸ್ನಾನಗೃಹವಿದೆ. ಅದರ ಹಿಂಬದಿಯ ಕೆಸರು ಕೋಣೆಗೆ ಅವಳೇ ದಾದಿ. ಊರಿನಲ್ಲಿ ಮನೆಗೊಂದಾದರೂ ಮಂಡಿ ಅವಳ ಕೈಗೆ ಬಂದದ್ದೇ. ಬಾಯಿ ಸ್ವಲ್ಪ ಜೋರು, ಕೆಲಸ ಮಾತ್ರ ಅಚ್ಚುಕಟ್ಟು. ಆ ಅಚ್ಚುಕಟ್ಟೇ ಒಮ್ಮೆ ಅವಳ ಕುತ್ತಿಗೆಗೆ ಬಂತು.

ಚಳಿಗಾಲದ ಕೊನೆಗೆ ವಿಮಾ ಕಚೇರಿಯಿಂದ ಕಾಗದ ಬಂದಿತ್ತು. ಹದಿನಾಲ್ಕು ಜನರನ್ನು ನೋಂದಾಯಿಸಿ, ಅವರ ಮಂಡಿ ಎಷ್ಟು ಡಿಗ್ರಿ ಮಡಚುತ್ತದೆಂದು ಮೊದಲೊಮ್ಮೆ ಅಳೆಯಬೇಕು, ಮೂರು ವಾರ ಕೆಸರು ಹಚ್ಚಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ನಡುವೆ ಒಬ್ಬರನ್ನೂ ಕೈಬಿಡುವ ಹಾಗಿಲ್ಲ. ಗುಣವಾಗಿದೆ ಎಂದು ಲೆಕ್ಕದಲ್ಲಿ ತೋರಿಸಿದರೆ ಸರಿ, ಇಲ್ಲದಿದ್ದರೆ ಕೆಸರು ಕೋಣೆಗೆ ಬೀಗ. ಬೀಗ ಬಿದ್ದರೆ ಈ ಮುದುಕ ಮುದುಕಿಯರು ಮಂಡಿ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಪಿರೊಷ್ಕಾಳಿಗೆ ಊಟ ಸೇರಲಿಲ್ಲ.

ಮೊದಲ ಅಳತೆ ಅವಳದೇ. ಬಂದವರನ್ನು ಬಂದ ದಿನವೇ ಅಳೆದು ಚೀಟಿಯಲ್ಲಿ ಗೀಚಿಟ್ಟಳು. ಆಮೇಲೆ ಎಲ್ಲವನ್ನೂ ಅಕಾರಾದಿಯಲ್ಲಿ ಜೋಡಿಸಿ ಒಂದು ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಇಳಿಸಿ, ಚೀಟಿಗಳನ್ನು ಒಲೆಗೆ ಹಾಕಿದಳು. ಎರಡನೇ ಅಳತೆಯ ಹೊತ್ತಿಗೆ ರಾಜಧಾನಿಯಿಂದ ಡಾಕ್ಟರ್ ಬಾಲಿಂಟ್ ಬಂದಿದ್ದ, ಇಪ್ಪತ್ತೊಂಬತ್ತರ ಹುಡುಗ, ಓದಿದವನು. ಅವನು ಹೆಂಗಸರ ಹೆಸರನ್ನೆಲ್ಲ ಹುಟ್ಟಿದ ಮನೆಯ ಹೆಸರಿನಲ್ಲೇ ಬರೆದ.

"ಹುಟ್ಟಿದ ಹೆಸರು ಸಾಯೋವರೆಗೂ ಬದಲಾಗಲ್ಲ ಚಿಕ್ಕಮ್ಮ. ತಪ್ಪಾಗೋ ಸಂಭವಾನೇ ಇಲ್ಲ," ಅಂದ.

ತಪ್ಪು ಅಲ್ಲೇ ಆಗಿತ್ತು. ಆ ಊರಿನ ಹಳಬರಲ್ಲಿ ಹೆಂಗಸು ಮದುವೆಯಾದಳೆಂದರೆ ಅವಳ ಸ್ವಂತ ಹೆಸರು ಪೆಟ್ಟಿಗೆ ಸೇರಿದ ಹಾಗೆ. ಗಾಶ್ಪಾರನ ಹೆಂಡತಿ ಗಾಶ್ಪಾರ್ನೇ. ಪಿರೊಷ್ಕಾ ಊರವರು ಕರೆಯುವ ಹಾಗೆಯೇ ಬರೆದಿದ್ದಳು. ಒಂದು ಪಟ್ಟಿಯಲ್ಲಿ ಗಂಡಂದಿರ ಹೆಸರು, ಇನ್ನೊಂದರಲ್ಲಿ ತವರಿನ ಹೆಸರು. ಯಾರ ಮಂಡಿ ಯಾವುದೆಂದು ಬಾಲಿಂಟ್‌ಗೆ ತಲೆಬುಡ ತಿಳಿಯಲಿಲ್ಲ. ಅವನು ಮೊದಲಿನ ಹದಿನಾಲ್ಕು ಒಂದು ಗುಂಪು, ಆಮೇಲಿನ ಹದಿನಾಲ್ಕು ಇನ್ನೊಂದು ಗುಂಪು ಎಂದು ಬಗೆದು, ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತೋರಿಸುವ ಟಿ-ಟೆಸ್ಟ್ ಲೆಕ್ಕ ಹಾಕಿದ. ಬಂದ ಸಂಖ್ಯೆ, ಅಂದರೆ ಟಿ, ಒಂದನ್ನೂ ದಾಟಲಿಲ್ಲ. ಗುಣವಾಗಿದೆ ಎನ್ನಲು ಅದು ಎರಡನ್ನು ದಾಟಬೇಕಿತ್ತು.

"ಗುಣ ಕಾಣ್ತಿಲ್ಲ," ಅಂದ, ಮುಖ ಸಪ್ಪೆ ಮಾಡಿಕೊಂಡು.

"ಹೆಂಗೆ ಕಾಣತ್ತೆ? ಕುಸ್ತಿ ಮಾಡಿದೋನ ಮಂಡಿನೂ ಎಂಬತ್ತರ ಮುದುಕಿ ಮಂಡಿನೂ ಒಂದೇ ಬುಟ್ಟಿಗೆ ಸುರಿದ್ರೆ? ಅವನನ್ನ ಅವನ ಜೊತೆಗೇ ಹೋಲಿಸಿ, ಅವಳನ್ನ ಅವಳ ಜೊತೆಗೆ."

"ಅದಕ್ಕೇ ಜೋಡಿ ಟಿ-ಟೆಸ್ಟ್ ಅಂತಾರೆ. ಒಬ್ಬೊಬ್ಬರದೂ ಎಷ್ಟು ಹೆಚ್ಚಾಯ್ತು ಅಂತ ತಗೊಂಡು, ಆ ಹೆಚ್ಚಳದ ಸರಾಸರಿ ನೋಡೋದು, ಅದರ ಏರುಪೇರು ನೋಡೋದು. ಆದ್ರೆ ಜೋಡಿ ಗೊತ್ತಾಗ್ಬೇಕಲ್ಲ."

"ಅದನ್ನ ನನಗೆ ಬಿಡಿ."

ಪಿರೊಷ್ಕಾ ಕನ್ನಡಕ ಏರಿಸಿ ಕೂತಳು. ಯಾರು ಯಾರ ಮಗಳು, ಯಾರನ್ನು ಕಟ್ಟಿಕೊಂಡಳು ಎಲ್ಲ ಅವಳ ನಾಲಿಗೆ ತುದಿಯಲ್ಲೇ ಇತ್ತು. ಅರ್ಧ ಗಂಟೆಯಲ್ಲಿ ಹನ್ನೆರಡು ಜೋಡಿ ಕೂಡಿತು. ಒಬ್ಬನದು ಇದ್ದಲ್ಲೇ ಇತ್ತು. ಉಳಿದವರದೆಲ್ಲ ಮೂರರಿಂದ ಹತ್ತು ಡಿಗ್ರಿ ಏರಿತ್ತು. ಕೊನೆಗೆ ಉಳಿದದ್ದು ಎರಡು, ಎರಡೂ ಗಾಶ್ಪಾರ್ನೇ.

ಗಾಶ್ಪಾರ್ ಸತ್ತು ನಾಲ್ಕು ವರ್ಷ. ಮೊದಲ ಹೆಂಡತಿ ರೊಜಾಲಿಯಾಳನ್ನು ಬಿಟ್ಟು ಇರ್ಮಾಳನ್ನು ಮದುವೆಯಾಗಿದ್ದ. ರೊಜಾಲಿಯಾ ಗಂಡನನ್ನು ಬಿಟ್ಟುಕೊಟ್ಟಳು, ಅವನ ಹೆಸರನ್ನು ಬಿಟ್ಟುಕೊಡಲಿಲ್ಲ. ಹೀಗೆ ಒಂದೇ ಬೀದಿಯಲ್ಲಿ ಇಬ್ಬರು ಗಾಶ್ಪಾರ್ನೇ, ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬಳಿಗೆ ಮಂಗಳವಾರ ಕೆಸರು, ಇನ್ನೊಬ್ಬಳಿಗೆ ಗುರುವಾರ. ಪಿರೊಷ್ಕಾಳ ಅಂದದ ಹಾಳೆಯಲ್ಲಿ ಮಾತ್ರ ಇಬ್ಬರೂ ಒಂದರ ಕೆಳಗೊಂದು ಬಂದು ಕೂತಿದ್ದರು: ಗಾಶ್ಪಾರ್ನೇ ಅರವತ್ತೆರಡು, ಗಾಶ್ಪಾರ್ನೇ ತೊಂಬತ್ತೇಳು. ಎರಡನೇ ಪಟ್ಟಿಯಲ್ಲಿ ರೊಜಾಲಿಯಾ ಎಪ್ಪತ್ತು, ಇರ್ಮಾ ತೊಂಬತ್ತೈದು.

ಬಾಲಿಂಟ್ ಎರಡೂ ರೀತಿ ಜೋಡಿಸಿ ನೋಡಿದ. ಅರವತ್ತೆರಡು ರೊಜಾಲಿಯಾಳದಾದರೆ ಅವಳಿಗೆ ಎಂಟು ಹೆಚ್ಚು, ಇರ್ಮಾಳಿಗೆ ಎರಡು ಕಡಿಮೆ. ಟಿ ಆರು ದಾಟುತ್ತದೆ, ಕೋಣೆ ಉಳಿಯುತ್ತದೆ. ಅದಲುಬದಲಾದರೆ ಇರ್ಮಾಳಿಗೆ ಮೂವತ್ತಮೂರು ಹೆಚ್ಚು, ರೊಜಾಲಿಯಾಳಿಗೆ ಇಪ್ಪತ್ತೇಳು ಕಡಿಮೆ. ಸರಾಸರಿ ಕೂದಲಷ್ಟೂ ಬದಲಾಗುವುದಿಲ್ಲ. ಏರುಪೇರು ಮಾತ್ರ ಆಕಾಶಕ್ಕೇರಿ, ಟಿ ಎರಡರ ಕೆಳಗೆ ಕುಸಿಯುತ್ತದೆ.

"ಮೊದಲನೇದೇ ಬರೀರಿ ಚಿಕ್ಕಮ್ಮ. ಕಣ್ಣಿಗೆ ಕಾಣೋ ಹಾಗಿದೆಯಲ್ಲ."

"ಕಣ್ಣಿಗೆ ಕಾಣ್ತಿಲ್ಲ ಡಾಕ್ಟರೇ, ನಮ್ಮ ಆಸೆಗೆ ಕಾಣ್ತಿದೆ. ರೊಜಾಲಿಯಕ್ಕ ಎರಡನೇ ವಾರ ಚರ್ಚಿನ ಮೆಟ್ಟಿಲ ಮೇಲೆ ಜಾರಿಬಿದ್ಲು. ಇರ್ಮಾ ಪಟ್ಟಣಕ್ಕೆ ಹೋಗಿ ಮಂಡಿಗೆ ಇಂಜೆಕ್ಷನ್ ಹಾಕಿಸ್ಕೊಂಡು ಬಂದ್ಲು. ಅವಳದು ಇಳಿದು ಇವಳದು ಏರಿರಬಾರ್ದು ಅಂತೇನಿದೆ? ಅನುಕೂಲಕ್ಕೆ ಬರೆದ್ರೆ ಅದು ಅಳತೆ ಅಲ್ಲ."

ಯಾರದು ಯಾವುದೆಂದು ಅವಳಿಗೆ ನಿಜಕ್ಕೂ ನೆನಪಿರಲಿಲ್ಲ. ಚೀಟಿ ಸುಟ್ಟ ತನ್ನ ಕೈಯನ್ನು ತಾನೇ ಬೈದುಕೊಂಡಳು. ಬುಧವಾರ ಬೆಳಿಗ್ಗೆ ಇಬ್ಬರಿಗೂ ಹೇಳಿಕಳಿಸಿದಳು.

ಇಬ್ಬರೂ ಬಂದರು, ಬೆಂಚಿನ ಎರಡು ತುದಿಯಲ್ಲಿ ಕೂತರು, ನಡುವೆ ಮೂರು ಜನ ಕೂರುವಷ್ಟು ಜಾಗ ಬಿಟ್ಟು. ಲೆಕ್ಕ ಎತ್ತ ವಾಲಿದರೆ ಕೋಣೆ ಉಳಿಯುತ್ತದೆಂದು ಪಿರೊಷ್ಕಾ ಬಾಯಿಬಿಡಲಿಲ್ಲ.

"ಮೊದಲ ದಿನ ಅಳೆದಾಗ ನಿಮ್ಮಲ್ಲಿ ಒಬ್ಬರದು ಅರವತ್ತೆರಡು, ಒಬ್ಬರದು ತೊಂಬತ್ತೇಳು. ನಿಮಗೆ ಹೇಳಿದ್ದೆ. ಯಾರದು ಯಾವುದು?"

"ತೊಂಬತ್ತೇಳು ನಂದು," ಅಂದಳು ಇರ್ಮಾ.

"ನಂದು," ಅಂದಳು ರೊಜಾಲಿಯಾ, ಕಿಟಕಿ ಕಡೆ ನೋಡುತ್ತ. "ನನ್ನ ಕಾಲಿಗೇನಾಗಿದೆ? ಮೊದಲಿಂದ ಗಟ್ಟಿ. ಮಡಚಕ್ಕಾಗದೆ ಇದ್ದಿದ್ದು ಅವಳಿಗೆ."

"ಮಾತು ನೋಡು ಪಿರಿ. ಇವಳು ಬೇಲಿ ಹಿಡ್ಕೊಂಡು ನಡೆಯೋದನ್ನ ಇಡೀ ಬೀದಿ ನೋಡಿದೆ."

"ಬೇಲಿ ನಂದು, ಹಿಡ್ಕೋತೀನಿ."

ಹತ್ತು ನಿಮಿಷ ಹೀಗೇ ನಡೆಯಿತು. ಬಾಗಿಲಲ್ಲಿ ನಿಂತ ಬಾಲಿಂಟ್ ತಲೆ ಮೇಲೆ ಕೈ ಹೊತ್ತುಕೊಂಡ. ಕೊನೆಗೆ ಇರ್ಮಾ ಚೀಲ ಎತ್ತಿಕೊಂಡು ಎದ್ದಳು.

"ಅವಳಿಗೇ ಬರ್ಕೋ, ತೊಂಬತ್ತೇಳು. ನನ್ನ ಗಂಟೇನು ಹೋಗತ್ತೆ?"

ಇಬ್ಬರೂ ಒಪ್ಪಿ ಹೇಳಿದ ಮೇಲೆ ಬರೆಯದೆ ಇರುವಂತಿಲ್ಲ. ಮೂವತ್ತೊಂದು ವರ್ಷದ ಕೋಣೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಪಿರೊಷ್ಕಾ ಪೆನ್ನು ತೆಗೆದು ರೊಜಾಲಿಯಾಳ ಹೆಸರಿನ ಮುಂದೆ ತೊಂಬತ್ತೇಳರ ಮೊದಲ ಅಂಕಿ ಒಂಬತ್ತನ್ನು ಬರೆದಳು.

"ನಿಲ್ಸು," ಅಂದಳು ರೊಜಾಲಿಯಾ. "ಅರವತ್ತೆರಡು ನಂದು. ಇವಳ ಮುಂದೆ ಹೇಳಕ್ಕೆ ನಾಚಿಕೆ ಆಯ್ತು."

ಪಿರೊಷ್ಕಾ ಒಂಬತ್ತನ್ನು ಹೊಡೆದುಹಾಕಿದಳು. "ಖಂಡಿತಾನಾ ಅಕ್ಕ? ನನಗೋಸ್ಕರ ಹೇಳ್ತಿಲ್ಲ ತಾನೇ?"

"ನಿನಗೋಸ್ಕರ ಯಾರು ಹೇಳ್ತಾರೆ? ಎರಡು ವರ್ಷದಿಂದ ಪಾದದ ತನಕ ಕೈ ಎಟುಕ್ತಿರ್ಲಿಲ್ಲ. ಕಾಲುಚೀಲ ಹಾಕ್ಕೊಂಡಿರ್ಲಿಲ್ಲ. ಈಗ ಮೂರು ದಿನದಿಂದ ನಾನೇ ಹಾಕ್ಕೋತಿದೀನಿ. ನೋಡು." ಅವಳು ಲಂಗ ತುಸು ಎತ್ತಿದಳು. ಕಂದು ಬಣ್ಣದ ಉಣ್ಣೆಯ ಕಾಲುಚೀಲ, ಒಂದು ಸೊಟ್ಟಗಿತ್ತು.

ಇರ್ಮಾ ಎದ್ದವಳು ಹೋಗಿರಲಿಲ್ಲ. "ಎರಡು ಚಳಿಗಾಲ ಬರಿಗಾಲಲ್ಲಿದ್ಯಾ?"

"ಬೂಟಿನೊಳಗೆ ಪೇಪರ್ ತುರುಕ್ಕೋತಿದ್ದೆ."

"ಯಾರನ್ನಾದ್ರೂ ಕರೀಬಾರ್ದಾ?"

"ಯಾರಿದ್ರು ಕರಿಯಕ್ಕೆ?"

ಪಿರೊಷ್ಕಾ ತಲೆ ಎತ್ತದೆ ಎರಡು ಸಾಲು ಬರೆದು ಮುಗಿಸಿದಳು, ಎಂಟು ಹೆಚ್ಚು, ಎರಡು ಕಡಿಮೆ. ಬಾಲಿಂಟ್ ಹಾಳೆ ತೆಗೆದುಕೊಂಡು ಒಳಗೆ ಓಡಿದ. ಇರ್ಮಾ ಇನ್ನೂ ಅಲ್ಲೇ ನಿಂತಿದ್ದಳು, ಚೀಲವನ್ನು ಎದೆಗೊತ್ತಿಕೊಂಡು.

"ಮೂರೇ ಮನೆ ಆಚೆ ಇದ್ನಲ್ಲೇ ನಾನು," ಅಂದಳು.