ಹೇಳಿದರೆ ಕೆಡುವ ಔಷಧ

ಪೂರಕ ಚಿಕಿತ್ಸೆ ಎಂದರೆ ವೈದ್ಯರು ಕೊಟ್ಟ ಔಷಧದ ಜೊತೆಗೆ ಮಾಡಿಕೊಳ್ಳುವುದು. ಪರ್ಯಾಯ ಚಿಕಿತ್ಸೆ ಎಂದರೆ ಅದನ್ನು ಬಿಟ್ಟು ಅದರ ಜಾಗದಲ್ಲಿ ಮಾಡಿಕೊಳ್ಳುವುದು. ಹತ್ತಿಕುಣಿಯ ಮಹಿಳಾ ಸಂಘದ ಮುಂದೆ ಆಡಬೇಕಿದ್ದ ಭಾಷಣವನ್ನು ನಾನು ಹೀಗೆ ಆರಂಭಿಸಿದ್ದೆ. ಮೊದಲು ಪದಗಳ ಅರ್ಥವನ್ನು ಗಟ್ಟಿ ಮಾಡಿಕೊಳ್ಳಬೇಕು, ವಾದ ಆಮೇಲೆ ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಪಾಠ. ಪ್ರಾಣಾಯಾಮ, ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವುದು ಒಂದು ಗುಂಪು. ಕಾಮಾಲೆಯಾದಾಗ ಕಾದ ಕಬ್ಬಿಣದಿಂದ ಮುಂಗೈ ಸುಡಿಸಿಕೊಳ್ಳುವುದು, ಎಲುಬು ಮುರಿದಾಗ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯನ್ನೇ ಮರೆಯುವುದು ಇನ್ನೊಂದು ಗುಂಪು. ಆಯುರ್ವೇದ, ಯುನಾನಿ, ಹೋಮಿಯೋಪಥಿ ಓದಿ ಪದವಿ ಪಡೆದವರನ್ನೂ ಅಂಗಳದಲ್ಲಿ ಕುಳಿತು ಬೇರು ಅರೆಯುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದೆಂದೂ ಬರೆದಿದ್ದೆ.

ಬೇರು ಅರೆಯುವವರ ಮೇಲಿನ ಸಂಶಯವನ್ನು ನಾನೆಂದೂ ಮುಚ್ಚಿಟ್ಟವನಲ್ಲ. ಶಹಾಪುರದ ನಮ್ಮ ಮನೆಗೆ ಬಂದವರು ಯಾರಾದರೂ ನಾಟಿ ಔಷಧದ ಮಾತೆತ್ತಿದರೆ, ಚಹಾ ಮುಗಿಯುವುದರೊಳಗೆ ಮೂರು ಪ್ರಶ್ನೆ ಕೇಳುತ್ತಿದ್ದೆ: ಅದರಲ್ಲಿ ಏನಿದೆ? ಎಷ್ಟಿದೆ? ಅದನ್ನು ಕುಡಿದೂ ಗುಣವಾಗದವರು ಎಲ್ಲಿದ್ದಾರೆ? ಮೂರನೆಯದಕ್ಕೆ ಬಂದಾಗ ಅವರು ಮಾತು ಬದಲಿಸಿ ಮಳೆ-ಬೆಳೆಯ ವಿಷಯ ತೆಗೆಯುತ್ತಿದ್ದರು. ನಾನು ಗೆದ್ದೆನೆಂದುಕೊಳ್ಳುತ್ತಿದ್ದೆ.

ವನದುರ್ಗದಲ್ಲಿರುವ ನನ್ನ ಅಕ್ಕನಿಗೆ ಶುಗರ್ ಇದೆ. ಒಂದು ಬೆಳಿಗ್ಗೆ ರಕ್ತಪರೀಕ್ಷೆಗೆಂದು ಬಸ್ಸಿಳಿದು ಬಂದವಳು ನಮ್ಮ ಹೊಸ್ತಿಲಲ್ಲೇ ಕುಸಿದು ಕುಳಿತಳು. ಮೈಯೆಲ್ಲ ಬೆವರು, ಕೈ ನಡುಕ, ನನ್ನನ್ನು ಯಾರೋ ಎಂಬಂತೆ ನೋಡುವ ಕಣ್ಣು. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತು.

ಅವಳು ಚೇತರಿಸಿಕೊಂಡ ಮೇಲೆ ವೈದ್ಯೆ ಕೇಳಿದರು: "ಗುಳಗಿ ಜಾಸ್ತಿ ನುಂಗೀರೇನವ್ವಾ?"

"ಇಲ್ರಿ."

"ಊಟ ಬಿಟ್ಟಿದ್ರೇನು?"

"ರೊಟ್ಟಿ ತಿಂದೇ ಬಸ್ ಹತ್ತೀನ್ರಿ."

"ಬ್ಯಾರೆ ಏನರ ಔಷಧ ನಡದದೇನು?"

ಅಕ್ಕ ವೈದ್ಯೆಯನ್ನು ನೋಡಲಿಲ್ಲ; ನನ್ನನ್ನು ನೋಡಿದಳು. "ಏನೂ ಇಲ್ರಿ."

ವೈದ್ಯೆ ನನ್ನನ್ನು ಬದಿಗೆ ಕರೆದರು. "ಮನ್ಯಾಗ ಯಾರೂ ಇಲ್ದಾಗ ಹಿಂಗಾದ್ರ ಜೀವ ಉಳಿಯೂದು ಕಷ್ಟ. ಕಾರಣ ಗೊತ್ತಾಗ್ಲಿಲ್ಲಂದ್ರ ನಾ ಗುಳಗಿ ಹೆಂಗ ಬದಲಿ ಮಾಡ್ಲಿ? ಇವತ್ತು ನುಂಗಸಬ್ಯಾಡ್ರಿ. ನಾಡಿದ್ದು ಕರಕೊಂಡು ಬರ್ರಿ."

ಅಕ್ಕನನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡೆ; ವೈದ್ಯೆಯ ಮುಂದೆ ಅವಳು ನನ್ನನ್ನು ನೋಡಿದ ಆ ನೋಟ ಕಾಡಿತು. ಮೂರು ವಾರಗಳಿಂದ ಅಕ್ಕ ಬೆಳಗಿನ ಹೊತ್ತು ಫೋನ್ ಎತ್ತುತ್ತಿರಲಿಲ್ಲವೆಂಬುದು ಆಗ ನೆನಪಾಯಿತು. ಮರುದಿನ ಸೂರ್ಯ ಹುಟ್ಟುವ ಮೊದಲೇ ಎದ್ದು ನಡುಮನೆಗೆ ಬಂದೆ. ಅಕ್ಕ ಹಿತ್ತಲ ಬಾಗಿಲಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತು, ಸೆರಗಿನ ಗಂಟಿನಿಂದ ಕಾಗದದ ಪೊಟ್ಟಣ ತೆಗೆದು, ಹಸಿರು ಪುಡಿಯನ್ನು ಬಾಯಿಗೆ ಹಾಕಿಕೊಂಡಳು.

"ಏನದು?"

ಸುಮ್ಮನಿರು ಎಂದು ಕೈಯೆತ್ತಿದಳು. ಬೆಳಗಿನ ಫೋನ್ ಎತ್ತದಿದ್ದುದು ಇದಕ್ಕೇ ಎಂದು ತಿಳಿಯಿತು. ಪುಡಿ ಗಂಟಲಿಳಿದ ಮೇಲೆಯೇ ಬಾಯಿ ತೆರೆದಳು. "ಹೇಳಬಾರದು. ಹೇಳಿದ್ರ ಔಷಧ ಕೆಡ್ತದ."

"ಕೆಡಾಕತ್ತಿದ್ದು ನಿನ್ನ ಜೀವ ಅಕ್ಕಾ! ಯಾರ ಮುಂದೂ ಹೇಳಬ್ಯಾಡ ಅಂತ ಕಟ್ಟಳೆ ಮಾಡಿದಾಂವ ಯಾಕ ಮಾಡ್ಯಾನ, ವಿಚಾರ ಮಾಡು. ತನ್ನ ತಪ್ಪು ಹೊರಗ ಬೀಳಬಾರದು ಅಂತ ಅಲ್ಲೇನು?"

"ನಿನ್ನ ಜೋಡಿ ವಾದಾ ಮಾಡಾಕ ನಾ ಕಾಲೇಜ ಕಲ್ತಿಲ್ಲೋ ತಮ್ಮಾ. ಗೆದ್ದಿ ಅಂದ್ಕೊ. ಬಹುಮಾನದ ಕಪ್ಪೂ ನೀನೇ ಇಟ್ಗೊ."

ಗೆದ್ದು ಪ್ರಯೋಜನವಿರಲಿಲ್ಲ. ಪೊಟ್ಟಣವನ್ನು ಮತ್ತೆ ಸೆರಗಿಗೆ ಗಂಟು ಹಾಕುತ್ತ ಅಂದಳು: "ಪುಡಿ ಕೊಟ್ಟ ಬೋನಾಳ ಮುತ್ಯಾನ ಕೇಳು. ಅಂವ ಹೇಳು ಅಂದ್ರ ಹೇಳ್ತೀನಿ."

ಅವಳಿಗೆ ನಾಷ್ಟಾ ಮಾಡಿಸಿ, ಕೈಗೆ ಬೆಲ್ಲದ ತುಂಡು ಕೊಟ್ಟು, ಹೆಂಡತಿಯನ್ನು ಹತ್ತಿರ ಕೂರಿಸಿ, ಬೋನಾಳಕ್ಕೆ ಹೋಗಲು ಸುರಪುರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ದೋಷಾರೋಪಣೆಯನ್ನು ಸಿದ್ಧಪಡಿಸಿಕೊಂಡೆ. ಇಂಥವರು ಆಸ್ಪತ್ರೆಯ ಗುಳಿಗೆಯನ್ನೇ ಪುಡಿಮಾಡಿ ಸೊಪ್ಪಿನಲ್ಲಿ ಬೆರೆಸುತ್ತಾರೆಂದು ಕೇಳಿದ್ದೆ; ಇವನೂ ಅದನ್ನೇ ಮಾಡಿರಬೇಕು.

ಮುತ್ಯಾ ಬೋನಾಳದ ಒಬ್ಬ ಮುದಿ ರೈತ. ಬೇವಿನ ಗಿಡದ ಕೆಳಗೆ ಕಾಲು ಚಾಚಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಔಷಧಕ್ಕೆ ಪ್ರತಿಯಾಗಿ ಅವನು ದುಡ್ಡು, ಕಾಳು ಏನನ್ನೂ ಮುಟ್ಟುವುದಿಲ್ಲವೆಂದು ಊರವರು ಹೇಳಿದ್ದರು. ಅದರಿಂದ ನನ್ನ ಸಂಶಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

"ಮುತ್ಯಾ, ವನದುರ್ಗದ ನಮ್ಮ ಅಕ್ಕಗ ನೀವು ಕೊಟ್ಟ ಪುಡಿಯಾಗ ಏನದ?"

"ಸೊಪ್ಪದ."

"ಯಾವ ಸೊಪ್ಪು?"

"ಅದನ್ನ ಹೇಳಂಗಿಲ್ರಿ ಸರ್. ವಿದ್ಯಾ ಕಲಿಸುವಾಗ ನಮ್ಮಪ್ಪ ಮಾತು ತಗೊಂಡಾನ."

"ದವಾಖಾನಿ ಗುಳಗಿ ಕುಟ್ಟಿ ಹಾಕೀರಿ ಅಂತ ನನಗ ಸಂಶಯ ಅದ."

ಅವನು ಹೊಟ್ಟೆ ಹಿಡಿದು ನಕ್ಕ. "ಗುಳಗಿ ಇದ್ರ ಮೊದಲು ಈ ಮೊಣಕಾಲಿಗೆ ನಾನೇ ನುಂಗ್ತಿದ್ನಲ್ರಿ!" ನಗು ನಿಂತ ಮೇಲೆ, "ಅಕ್ಕಾರಿಗೆ ಏನಾಗ್ಯದ?" ಎಂದ. ಹೇಳಿದೆ. ಅವನ ಮುಖ ಬದಲಾಯಿತು. "ಇಂಗ್ಲಿಷ್ ಔಷಧ ನಡದದೇನವ್ವಾ ಅಂತ ನಾ ಕೇಳೇನ್ರಿ. ಇಲ್ಲ ಅಂದ್ಲು. ನಡದದ ಅಂದಿದ್ರ ನಾ ಕೊಡ್ತಿದ್ದಿಲ್ಲ."

ನನ್ನ ಸಿದ್ಧತೆಯೆಲ್ಲ ಅಲ್ಲಿಗೇ ನಿಂತಿತು. ಅಕ್ಕ ಎರಡೂ ಕಡೆ ಇಲ್ಲವೆಂದಿದ್ದಳು. ಅವಳದು ಪೂರಕವೂ ಅಲ್ಲ, ಪರ್ಯಾಯವೂ ಅಲ್ಲ; ಒಂದನ್ನು ಇನ್ನೊಂದರಿಂದ ಬಚ್ಚಿಟ್ಟು ಎರಡನ್ನೂ ನುಂಗುತ್ತಿದ್ದಳು. ಪುಡಿಯ ವಿಷಯ ಆಸ್ಪತ್ರೆಯಲ್ಲಿ ಬಾಯಿಬಿಡದಿರುವುದಕ್ಕೆ ಮುತ್ಯಾನ ಕಟ್ಟಳೆ ಒಂದು ಕಾರಣ. ನಮ್ಮ ಮನೆಯ ಚಹಾದ ಹೊತ್ತಿನ ಮೂರು ಪ್ರಶ್ನೆಗಳು ಇನ್ನೊಂದು ಕಾರಣವೆಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

"ಹೇಳಬ್ಯಾಡ ಅಂದಾವ್ರು ನೀವು. ಆ ಮಾತು ಬಿಡಸಾಕ ಬರ್ತದೇನು?"

"ಔಷಧ ಕೊಟ್ಟಾಂವ ಬಿಡಸಬಹುದು. ಫೋನ್ ಹಚ್ರಿ."

ಹಚ್ಚಿಕೊಟ್ಟೆ. ದೂರದಲ್ಲಿರುವವರಿಗೆ ಕೂಗಿ ಹೇಳುವಂತೆ ಅವನು ಕೂಗಿದ: "ಅವ್ವಾ, ಪುಡಿ ಇವತ್ತಿಗೆ ನಿಂದರಸು. ಡಾಕ್ಟರ್ ಮುಂದ ಎಲ್ಲಾ ಹೇಳು. ಮಾತು ಬಿಡಿಸೀನಿ."

ಅವನು ಒಳ್ಳೆಯವನೆಂದು ನಾನು ಇಂದಿಗೂ ತೀರ್ಮಾನಿಸಿಲ್ಲ. ಸೊಪ್ಪಿನ ಹೆಸರನ್ನು ಕೊನೆಗೂ ಅವನು ಹೇಳಲಿಲ್ಲ.

ವೈದ್ಯೆ ಹೇಳಿದ ದಿನ ಆಸ್ಪತ್ರೆಗೆ ಹೋದೆವು. ಉಳಿದ ಪುಡಿಯ ಪೊಟ್ಟಣ ಅಕ್ಕನ ಕೈಯಲ್ಲಿತ್ತು. ವೈದ್ಯೆಯ ಕೋಣೆಯ ಬಾಗಿಲಲ್ಲಿ ಅವಳು ನನ್ನನ್ನು ತಡೆದಳು.

"ನೀ ಹೊರಗ ಕುಂದ್ರು."

"ಯಾಕ?"

"ನೀ ಒಳಗ ಬಂದ್ರ ನನ್ನ ಬದಲಿ ನೀನೇ ಮಾತಾಡ್ತಿ."

ಬೆಂಚಿನ ಮೇಲೆ ಕುಳಿತೆ. ಬಾಗಿಲಾಚೆ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಾನೆಣಿಸಿದ್ದಕ್ಕಿಂತ ಬಹಳ ಹೊತ್ತು ಒಳಗಿದ್ದು ಅವಳು ಹೊರಬಂದಳು.

"ಎಲ್ಲಾ ಹೇಳ್ದೇನು?"

"ಹೇಳ್ದೆ."

"ಪುಡಿ ತೋರಿಸ್ದೇನು?"

"ತೋರಿಸ್ದೆನೋ ಮಾರಾಯಾ!"

ನನಗೆ ನಂಬಿಕೆ ಬರಲಿಲ್ಲ. ಅವಳು ನೋಡುತ್ತಿರುವಂತೆಯೇ ಒಳಗೆ ಹೋದೆ.

"ಹೇಳ್ಯಾರ್ರಿ," ಎಂದರು ವೈದ್ಯೆ, ಬರೆಯುತ್ತಲೇ. "ಮೂರು ವಾರ ಪುಡಿ ತಗೊಂಡಾರ, ಗುಳಗೀನೂ ಬಿಟ್ಟಿಲ್ಲ. ಎರಡೂ ಕೂಡಿ ಶುಗರ್ ಇಳಿಸ್ಯಾವ ಅಂತ ಕಾಣ್ತದ. ಪುಡಿಯಾಗ ಏನದ ಅಂತ ನನಗೂ ಗೊತ್ತಿಲ್ಲ, ಅದಕ್ಕ ಅದು ಬಂದ್. ಗುಳಗಿ ಬದಲಿ ಮಾಡೀನಿ, ವಾರದಾಗ ಮತ್ತ ರಕ್ತ ನೋಡೂಣು." ಪೆನ್ನು ಕೆಳಗಿಟ್ಟು ನನ್ನತ್ತ ನೋಡಿದರು. "ನಿಮ್ಮ ಬಗ್ಗೆನೂ ಹೇಳ್ಯಾರ."

"ಏನಂತ್ರೀ?"

"ಅದು ಪೇಷಂಟ್ ನನಗ ಹೇಳಿದ ಮಾತು ಸರ್. ನಿಮಗ ಹೇಳಾಕ ಬರೂದಿಲ್ಲ."