ಚಿಕ್ಕಮ್ಮನ ಪ್ರಾರ್ಥನೆಗೆ ಚಿಕ್ಕಪ್ಪನ ಒಗ್ಗರಣೆ

ನಮ್ಮ ಚಿಕ್ಕಪ್ಪ ಟೈಲ್ಸ್ ಮೇಸ್ತ್ರಿ. ಊರಿನ ಅರ್ಧ ಬಚ್ಚಲುಮನೆಗಳಲ್ಲಿ ಜನ ನಿಂತಿರುವುದು ಅವರು ಕೂರಿಸಿದ ನೆಲದ ಮೇಲೆ. ಜಾರಿ ಬೀಳುವವರೆಲ್ಲ ಮಿಕ್ಕರ್ಧದವರು ಎಂಬುದು ಅವರ ವಾದ. ಅಂಗಿ ಮರೆತು ಮನೆ ಬಿಟ್ಟಾರು, ರಸಮಟ್ಟ ಮರೆತು ಹೊರಟವರಲ್ಲ. ಮೊಳದುದ್ದದ ಪಟ್ಟಿ, ಅದರ ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ಹಸಿರು ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ನೆಲ ಸಮ. ನಿಲ್ಲದಿದ್ದರೆ ಕೆಲಸದವರಿಗೆ ಮಂಗಳಾರತಿ.

ನೆಂಟರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮುಂಚೆ ಮೇಜಿನ ಮೇಲೆ ರಸಮಟ್ಟ ಇಟ್ಟು ನೋಡುತ್ತಾರೆ. "ನಿಮ್ಮ ಮೇಜು ಸ್ವಲ್ಪ ಬಾಗ್ಲ ಕಡೆ ವಾಲಿದೆ. ಬಂದೋರು ಬೇಗ ಹೋಗ್ಲಿ ಅಂತಾನಾ?" ಎಂದು ಕೇಳುತ್ತಾರೆ. ಹೀಗೆ ಕೇಳಿದ ಮೇಲೆ ಎಷ್ಟೋ ಮನೆಗಳಿಂದ ನಿಜವಾಗಿಯೂ ಬೇಗ ಹೊರಡಬೇಕಾಗಿ ಬಂದದ್ದುಂಟು. ಅವರಲ್ಲಿ ರಸವೂ ಇದೆ, ಮಟ್ಟವೂ ಇದೆ. ಎರಡೂ ಒಟ್ಟಿಗೆ ಒಂದೇ ಹೊತ್ತಿನಲ್ಲಿ ಇರುವುದಿಲ್ಲ, ಅಷ್ಟೇ.

ಚಿಕ್ಕಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಚುವವಳು. ಮೂಲೆಗೆ ಮೂಲೆ ಸೇರಿಸಿ, ಅಂಗೈಯಿಂದ ಒಮ್ಮೆ ಸವರಿ ಅವಳು ಮಡಚಿಟ್ಟ ಹೊದಿಕೆಯನ್ನು ಬಿಡಿಸಲು ರೋಗಿಗಳಿಗೇ ಮನಸ್ಸು ಬರುವುದಿಲ್ಲವಂತೆ. ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಒಲೆಯ ಮೇಲೆ ಹಾಲಿಟ್ಟು, ಕಿಟಕಿ ಪಕ್ಕದ ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಳೆಂದರೆ ಅವಳ ಪ್ರಾರ್ಥನೆ ಶುರು. ಮದುವೆಯಾಗಿ ಬಂದಂದಿನಿಂದ ಒಂದು ಸಂಜೆಯೂ ತಪ್ಪಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ಪ್ರಾರ್ಥನೆ ಅದು, ಪೂರ್ತಿ ಮನೆಯಲ್ಲೇ ತಯಾರಾದದ್ದು. ಚಿಕ್ಕಪ್ಪನಿಗೋ ದೇವರ ಮೇಲೆ ಸಿಟ್ಟೂ ಇಲ್ಲ, ಸಲುಗೆಯೂ ಇಲ್ಲ. ರಸಮಟ್ಟ ಇಟ್ಟು ನೋಡಲಾಗದ ವಸ್ತುವಿನ ಬಗ್ಗೆ ಅವರು ಅಭಿಪ್ರಾಯ ಹೇಳುವುದಿಲ್ಲ. ಆದರೆ ಹೆಂಡತಿ ಬಾಯಿ ತೆರೆದಾಗ ಸುಮ್ಮನಿದ್ದು ಅಭ್ಯಾಸವಿಲ್ಲದ್ದರಿಂದ ಪ್ರಾರ್ಥನೆಗೂ ಕುರ್ಚಿಯಿಂದಲೇ ಒಗ್ಗರಣೆ ಹಾಕುತ್ತಾರೆ.

"ದೇವರೇ, ಅಕ್ಕನ ಮಂಡಿನೋವು ಕಮ್ಮಿ ಮಾಡು."

"ಬಾಯಿಗೂ ಸ್ವಲ್ಪ ರಜಾ ಕೊಡು."

"ಮಗಳು ಡ್ಯೂಟಿ ಮುಗಿಸಿ ಹುಷಾರಾಗಿ ಮನೆಗೆ ಬರ್ಲಿ."

"ಬರ್ತಾ ಬ್ರೆಡ್ ತರ್ಲಿ."

"ಇವ್ರು ಏಣಿ ಹತ್ತಿದಾಗ ಕಾಲಿಗೆ ಬಲ ಕೊಡು."

"ನಾಲಿಗೆಗೆ?"

"ಅದಕ್ಕೆ ಬೇಡಪ್ಪಾ, ಈಗಿರೋದೇ ಮೂರು ಮನೆಗಾಗುತ್ತೆ," ಎಂದು ಚಿಕ್ಕಮ್ಮ ಕಣ್ಣು ತೆರೆಯದೆ ದೇವರಿಗೇ ವರದಿ ಒಪ್ಪಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದಳು. "ಈ ಮನೆ ಅಲ್ಲಾಡದ ಹಾಗೆ ನೋಡ್ಕೋ."

"ಮಟ್ಟ ನಾನು ನೋಡ್ಕೊಂಡಿದೀನಿ. ಮೇಲ್ಗಡೆದು ಅವ್ನು ನೋಡ್ಕೊಳ್ಳಲಿ."

ಕಾನ್ವೆಂಟಿನಲ್ಲಿ ಪ್ರಾರ್ಥನೆಯ ನಡುವೆ ನಾವು ಕೆಮ್ಮಿದರೂ ಸಿಸ್ಟರ್ ಒಂದು ಕಣ್ಣು ತೆರೆಯುತ್ತಿದ್ದರು. ಆ ಶಿಸ್ತಿನಲ್ಲಿ ಬೆಳೆದ ನನಗೆ ನಮ್ಮದೇ ಮಹಡಿಯ ಎದುರುಮನೆಯ ಈ ಜುಗಲ್‌ಬಂದಿ ಮೊದಮೊದಲು ಪಾಪದಂತೆ ಕಂಡಿತ್ತು. ಆಮೇಲೆ ಸಂಜೆಯಾದರೆ ಸಕ್ಕರೆ ಕೇಳುವ ನೆಪದಲ್ಲಿ ಅಲ್ಲಿಗೇ ಹೋಗುವ ಚಟವಾಯಿತು.

ಆ ಸಂಜೆಯೂ ಹಾಗೆಯೇ ಹೋಗಿದ್ದೆ. ಚಿಕ್ಕಪ್ಪ ಗೋಡೆಗೆ ಹೊಸ ಹಲಗೆಯೊಂದನ್ನು ಕೂರಿಸುತ್ತಿದ್ದರು. ಹಲಗೆಯ ಮೇಲೆ ರಸಮಟ್ಟ, ರಸಮಟ್ಟದ ಮೇಲೆ ಕಣ್ಣು. ಚಿಕ್ಕಮ್ಮ ಮೂಲೆಯಲ್ಲಿ ಅಕ್ಕನ ಮಂಡಿ, ಮಗಳ ಡ್ಯೂಟಿ, ಗಂಡನ ಏಣಿ ಎಲ್ಲ ದಾಟಿ, "ಈ ಮನೆ ಅಲ್ಲಾಡದ ಹಾಗೆ..." ಎಂದಳು.

ಗುಳ್ಳೆ ಓಡಿತು.

"ಯಾರೇ ಅದು ದಡದಡ ನಡೀತಿರೋದು? ಇಲ್ಲಿ ಮಟ್ಟ ಹಿಡೀತಿದೀನಿ, ಕಾಣಲ್ವಾ?" ಎಂದು ಚಿಕ್ಕಪ್ಪ ರೇಗಿದರು.

ಯಾರೂ ನಡೆಯುತ್ತಿರಲಿಲ್ಲ. ಗುಳ್ಳೆ ಆ ತುದಿಗೆ ಹೋಗಿ ಈ ತುದಿಗೆ ಬಂತು. ಕಪಾಟಿನ ಲೋಟಗಳು ಒಂದಕ್ಕೊಂದು ಗುಟ್ಟು ಹೇಳಿಕೊಂಡವು. ಗೋಡೆಯ ಕ್ಯಾಲೆಂಡರು ಬೇಡ ಬೇಡ ಎಂದು ತಲೆಯಾಡಿಸಿತು. ಹಲಗೆ ಅಲ್ಲಾಡುತ್ತಿಲ್ಲ, ಗೋಡೆಯೇ ಅಲ್ಲಾಡುತ್ತಿದೆ ಎಂದು ತಿಳಿಯುವಷ್ಟರಲ್ಲಿ ಚಿಕ್ಕಪ್ಪ ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದರಲ್ಲಿ ರಸಮಟ್ಟವನ್ನೂ ಹಿಡಿದು ಬಾಗಿಲು ದಾಟಿದ್ದರು. ನನ್ನನ್ನು ಯಾರೂ ಹಿಡಿಯಲಿಲ್ಲ, ನಾನೇ ಬಂದೆ. ಮೆಟ್ಟಿಲ ಮೇಲೆ ಮೇಲ್ಮಹಡಿಯ ನಿವೃತ್ತ ಬಸ್ ಕಂಡಕ್ಟರು ಲುಂಗಿ ಬಿಗಿಹಿಡಿದು, "ಮುಂದೆ ನಡೀರಿ, ಮುಂದೆ ನಡೀರಿ, ಬಾಗ್ಲಲ್ಲಿ ನಿಲ್ಬೇಡಿ!" ಎಂದು ಹಳೆಯ ವೃತ್ತಿಯನ್ನು ಒಮ್ಮೆ ಜೀರ್ಣೋದ್ಧಾರ ಮಾಡಿದರು. ನಾವೆಲ್ಲ ರಸ್ತೆಗೆ ಇಳಿಯುವಷ್ಟರಲ್ಲಿ ಭೂಮಿ ಏನೂ ಆಗಿಲ್ಲವೆಂಬಂತೆ ಸುಮ್ಮನಾಗಿತ್ತು. ಭೂಕಂಪದಲ್ಲಿ ಕಂಪೇನೂ ಇರಲಿಲ್ಲ. ನಮ್ಮ ಹಿಂದೆಯೇ ಇಳಿದು ಬಂದದ್ದು ತಳ ಹೊತ್ತಿದ ಹಾಲಿನ ವಾಸನೆ.

ಸಣ್ಣದು, ಹಾನಿಯಿಲ್ಲ, ಗಾಬರಿ ಬೇಡ ಎಂದು ಸ್ವಲ್ಪ ಹೊತ್ತಿಗೆ ಎಲ್ಲರ ಫೋನುಗಳೂ ಹೇಳಿದವು. ಮಗಳೂ ಡ್ಯೂಟಿಯಲ್ಲಿದ್ದ ಆಸ್ಪತ್ರೆಯಿಂದ ಫೋನು ಮಾಡಿ, ಅಲ್ಲಿ ಎಲ್ಲರೂ ಕ್ಷೇಮ ಎಂದಳು. ಬೀದಿಯವರು ತಂತಮ್ಮ ಧೈರ್ಯದ ಕಥೆಗಳನ್ನು ಹೇಳಿಕೊಳ್ಳುತ್ತ ಒಳಗೆ ಹೋದರು. ಚಿಕ್ಕಪ್ಪ ಮೇಲೆ ಹೋಗಿ ಒಲೆ ಆರಿಸಿ, ಮನೆಯನ್ನೆಲ್ಲ ಅಳೆದು, ಗೋಡೆಗಳನ್ನು ಬೆರಳಿನಿಂದ ತಟ್ಟಿ ನೋಡಿ ಕೆಳಗೆ ಬಂದರು.

"ಒಂದು ಕೂದಲಿನಷ್ಟೂ ಬಿರುಕಿಲ್ಲ. ನೆಲ ಮೊದಲಿನ ಹಾಗೇ ಇದೆ. ಗುಳ್ಳೆ ನಟ್ಟನಡುವೆ ನಿಂತಿದೆ. ಏಳು, ಹೋಗೋಣ."

ಚಿಕ್ಕಮ್ಮ ತಾನು ಕೂತಿದ್ದ ಕೆಳಗಿನ ಮೆಟ್ಟಿಲು ಬಿಟ್ಟು ಏಳಲಿಲ್ಲ. "ನಿಮ್ಮ ಗುಳ್ಳೆ ನಿಂತಿರಬಹುದು. ನನ್ನದು ಇನ್ನೂ ಓಡ್ತಾನೇ ಇದೆ," ಎಂದಳು.

"ನೀರು ಕುಡೀತೀಯಾ?"

"ಬೇಡ. ರೀ, ಅಲ್ಲಾಡದ ಹಾಗೆ ನೋಡ್ಕೋ ಅಂತ ನಾನು ಹೇಳ್ತಿರೋವಾಗ್ಲೇ ಅಲ್ಲಾಡಿಸ್ದ. ಅದೇ ಮಾತಿಗೆ. ಇಷ್ಟು ವರ್ಷ ಕೇಳಿಸ್ಕೋತಾ ಇದ್ನಾ, ಇಲ್ವಾ?"

ಸಾಧಾರಣ ದಿನವಾಗಿದ್ದರೆ ಇದಕ್ಕೆ ಹತ್ತು ಒಗ್ಗರಣೆ ಸಿಡಿಯುತ್ತಿದ್ದವು. ಆ ಸಂಜೆ ಚಿಕ್ಕಪ್ಪ ರಸಮಟ್ಟವನ್ನು ಮೊಣಕಾಲ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು.

"ಪ್ರಾರ್ಥನೆ ಅರ್ಧಕ್ಕೆ ನಿಂತಿದೆಯಲ್ಲ. ಮುಗಿಸಿಬಿಡು, ಸಮಾಧಾನ ಆಗುತ್ತೆ."

"ಬಾಯಿಗೆ ಬರ್ತಿಲ್ಲ. ಮೊದಲನೇ ಮಾತೇ ನೆನಪಿಗೆ ಬರ್ತಿಲ್ಲ," ಎಂದಳು ಚಿಕ್ಕಮ್ಮ. ಮಡಿಲಲ್ಲಿದ್ದ ಅವಳ ಕೈಗಳು ಇಲ್ಲದ ಹೊದಿಕೆಯೊಂದನ್ನು ಮಡಚುತ್ತಲೇ ಇದ್ದವು. ಕಂಡಕ್ಟರ ಮನೆಯಿಂದ ಬಂದ ಬಿಸಿನೀರಿನ ಲೋಟ ಪಕ್ಕದಲ್ಲಿ ತಣ್ಣಗಾಯಿತು. ಒಂದು ಸಂಜೆಯ ಪ್ರಾರ್ಥನೆ ತಪ್ಪಿದರೆ ಏನಾಗುತ್ತದೆ ಎಂದು ಬೇರೆಯವರು ಕೇಳಬಹುದು. ಆ ಸಂಜೆ ತಪ್ಪಿದರೆ ಮತ್ತೆ ಶುರುವಾಗುವುದಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಚಿಕ್ಕಪ್ಪನಿಗೂ ಕಂಡಿರಬೇಕು. ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗನ ಹಾಗೆ ನೆಟ್ಟಗೆ ಕೂತರು.

"ನಾನು ಹೇಳ್ಕೊಡ್ತೀನಿ. ದೇವರೇ... ಅಕ್ಕನ ಮಂಡಿನೋವು ಕಮ್ಮಿ ಮಾಡು."

ಅಲ್ಲಿಗೆ ಮಾತು ಸಿಕ್ಕಿಕೊಂಡಿತು. ತಮಾಷೆ ಬಿಟ್ಟು ಗಂಭೀರವಾಗಿ ಹೇಳಬೇಕೆಂದುಕೊಂಡಿದ್ದರು, ಪಾಪ. ಆದರೆ ಆ ಪ್ರಾರ್ಥನೆಯನ್ನು ಅವರು ಕಲಿತದ್ದೇ ತಮ್ಮ ಕೊಂಕಿನ ಸಮೇತ. ಕೊಂಕು ಕಿತ್ತರೆ ಮುಂದಿನ ಸಾಲು ಸಿಗದು. ಟೈಲ್ಸ್ ನಡುವಿನ ಸಿಮೆಂಟು ಕಿತ್ತ ಹಾಗೆ.

"ಬಾಯಿಗೂ ಸ್ವಲ್ಪ ರಜಾ ಕೊಡು," ಎಂದರು ಸೋತು, ಅಷ್ಟೇ ಭಕ್ತಿಯಿಂದ. "ಇವ್ರು ಏಣಿ ಹತ್ತಿದಾಗ ಬ್ರೆಡ್ ತರ್ಲಿ."

ನಾನು ತುಟಿ ಕಚ್ಚಿಕೊಂಡೆ. ಚಿಕ್ಕಮ್ಮ ಮೆಲ್ಲಗೆ ಅವರ ಕಡೆ ತಿರುಗಿದಳು.

"ಏಣಿ ಹತ್ತಿ ಯಾರ್ರೀ ಬ್ರೆಡ್ ತರ್ತಾರೆ? ಅದು ಮಗಳದು. ಅಕ್ಕ ಆದ್ಮೇಲೆ ಮಗಳು."

"ಹೌದಾ? ಹಾಗಾದ್ರೆ ಮಗಳ ಕಾಲಿಗೆ ಬಲ ಕೊಡು."

"ಅಯ್ಯೋ, ಸುಮ್ನಿರಿ! ಇಷ್ಟು ವರ್ಷ ಕಿವಿ ಎಲ್ಲಿಟ್ಕೊಂಡಿದ್ರಿ?" ಎಂದವಳೇ ಕಣ್ಣು ಮುಚ್ಚಿ, "ಮಗಳು ಡ್ಯೂಟಿ ಮುಗಿಸಿ ಹುಷಾರಾಗಿ ಮನೆಗೆ ಬರ್ಲಿ," ಎಂದಳು. ತಪ್ಪು ತಿದ್ದುವ ಭರದಲ್ಲಿ ಮಾತು ಬಾಯಿಗೆ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ.

"ಬರ್ತಾ ಬ್ರೆಡ್ ತರ್ಲಿ," ಎಂದರು ಚಿಕ್ಕಪ್ಪ, ಉಸಿರು ಬಿಟ್ಟು.

ಏಣಿ ಬಂತು, ನಾಲಿಗೆ ಬಂತು, ಮೂರು ಮನೆಗಾಗುವ ಲೆಕ್ಕವೂ ಬಂತು. ಆಮೇಲೆ ಆ ಸಾಲು. ಒಳಗೆ ಹೊರಟಿದ್ದ ಕಂಡಕ್ಟರು ತಾವೇ ಬಾಗಿಲಲ್ಲಿ ನಿಂತರು.

"ಈ ಮನೆ..." ಎಂದಳು ಚಿಕ್ಕಮ್ಮ. ಅಂಗೈಯಿಂದ ಮಡಿಲನ್ನು ಒಮ್ಮೆ ಸವರಿದಳು. "ಈ ಮನೆ ಅಲ್ಲಾಡಿದ್ರೂ ಬೀಳದ ಹಾಗೆ ನೋಡ್ಕೋ."

ಎಲ್ಲರೂ ಚಿಕ್ಕಪ್ಪನ ಕಡೆ ನೋಡಿದೆವು. ಮಟ್ಟ ನಾನು ನೋಡ್ಕೊಂಡಿದೀನಿ ಎನ್ನಬೇಕಾದ ಜಾಗ ಅದು. ಅವರು ಮೊಣಕಾಲ ಮೇಲಿನ ಗುಳ್ಳೆ ನೋಡಿದರು, ಮಹಡಿಯ ಕಡೆ ನೋಡಿದರು.

"ಅದನ್ನ ಇವತ್ತು ಅವ್ನೇ ನೋಡ್ಕೊಂಡ್ನಲ್ಲ ಕಣೇ," ಎಂದರು.

ಚಿಕ್ಕಮ್ಮ ಕಣ್ಣು ತೆರೆದಳು. ಸೆರಗಿನಿಂದ ಮೂಗೊರೆಸಿಕೊಂಡು ಎದ್ದಳು.

"ನಡೀರಿ ಒಳಗೆ. ಮೆಟ್ಟಿಲ ಮೇಲೆ ಅರ್ಧಂಬರ್ಧ ಹೇಳಿದ್ದು ಲೆಕ್ಕಕ್ಕಿಲ್ಲ. ಮೊದಲಿಂದ ಹೇಳ್ಬೇಕು."

"ಮೊದಲಿಂದಾನಾ?"

"ಹ್ಞೂಂ. ಹಾಲು ಹೊತ್ತಿದ ಪಾತ್ರೆ ನಿಮ್ಮದು. ಉಜ್ಜುತ್ತಾ ಹೇಳಿ."

ನಾನು ಸಕ್ಕರೆ ಕೇಳುವುದನ್ನು ಮರೆತು ನಮ್ಮ ಮನೆಗೆ ಬಂದೆ. ಎದುರುಬಾಗಿಲು ತೆರೆದೇ ಇತ್ತು. ಪಾತ್ರೆ ಕೆರೆಯುವ ಕರಕರ ಸದ್ದಿನ ಮೇಲೆ ಚಿಕ್ಕಮ್ಮನ ದನಿ ಕೇಳಿತು: "ದೇವರೇ, ಅಕ್ಕನ ಮಂಡಿನೋವು ಕಮ್ಮಿ ಮಾಡು." ಕರಕರ ನಿಂತಿತು.

"ನನ್ನ ಸೊಂಟದ್ದೂ ಸೇರಿಸ್ಕೋ," ಎಂದಿತು ಅಡುಗೆಮನೆ.